ಕಾಕುವಿನ ಮರಾಠಿ

ಪುಣೆಯಲ್ಲಿ ಪಿಎಚ್‌ಡಿ ಮುಗಿಸಿ ನಾನು ಬಾಗಲಕೋಟೆಗೆ ಮರಳಿದಾಗ ನವನಗರದ ನಮ್ಮ ಓಣಿಯಲ್ಲಿ ಹಬ್ಬಿದ ಮೊದಲ ಸುದ್ದಿ, ಇವರ ಮಗಳು ಮಿದುಳಿನ ಡಾಕ್ಟರ್ ಆಗಿ ಬಂದಿದ್ದಾಳೆ ಎಂಬುದು. ಹಬ್ಬಿಸಿದವರು ನಮ್ಮ ಅಪ್ಪನೇ. ಕೆಲವು ದಿನ ತಲೆನೋವಿನವರು, ತಲೆ ತಿರುಗುವವರು, ಒಮ್ಮೆ ಫಿಟ್ಸ್ ಬರುವ ಕೂಸನ್ನು ಎತ್ತಿಕೊಂಡ ತಾಯಿಯೊಬ್ಬಳು ಕೂಡ ಬಾಗಿಲಿಗೆ ಬಂದರು. ನಾನು ಔಷಧ ಬರೆಯುವವಳಲ್ಲ, ಮಿದುಳಿನಲ್ಲಿ ಮಾತು ಹೇಗೆ ಕಟ್ಟಿಕೊಳ್ಳುತ್ತದೆ, ಕೆಟ್ಟರೆ ಹೇಗೆ ಕೆಡುತ್ತದೆ ಎಂದು ಓದುವವಳು ಎಂದು ತಿಳಿಸಿ ಹೇಳುವಷ್ಟರಲ್ಲಿ ಅವರ ಮುಖ ಇಳಿದುಹೋಗುತ್ತಿತ್ತು. ಕೊನೆಗೆ ಎದುರುಮನೆಯ ಅಜ್ಜಿ ಮಾತು ಮುಗಿಸಿದರು: "ಡಾಕ್ಟರ್ ಅದಾಳಂತ, ಆದ್ರ ಸೂಜಿ ಮಾಡಂಗಿಲ್ಲಂತ." ಆಮೇಲೆ ಯಾರೂ ಬರಲಿಲ್ಲ.

ಅವ್ವನಿಗೆ ಗೊತ್ತಿದ್ದದ್ದು ಎರಡೇ ತರದ ಕೆಲಸ, ಪರ್ಮನೆಂಟ್ ಆದದ್ದು ಮತ್ತು ಆಗದ್ದು. ನನ್ನದು ಎರಡನೆಯದು. ನಮ್ಮ ವಿಷಯದಲ್ಲಿ ಕೆಲಸವೆಂದರೆ ಪ್ರಾಜೆಕ್ಟು. ಒಂದು ಮುಗಿಯುವ ಮೊದಲೇ ಇನ್ನೊಂದಕ್ಕೆ ಅರ್ಜಿ ಹಾಕಬೇಕು, ಸಿಕ್ಕರೆ ಊರು ಬದಲಿಸಬೇಕು, ಸಿಗದಿದ್ದರೆ ಮನೆಯವರಿಗೆ ರಜೆಯಲ್ಲಿದ್ದೇನೆ ಎಂದು ಹೇಳಬೇಕು. ನನ್ನ ಜೊತೆಗೆ ಓದಿದವರಲ್ಲಿ ಒಬ್ಬಳು ಜರ್ಮನಿಯಲ್ಲಿ ಮೂರನೆಯ ತಾತ್ಕಾಲಿಕ ಹುದ್ದೆಯಲ್ಲಿದ್ದಳು, ಇನ್ನೊಬ್ಬ ಜಾಹೀರಾತು ಕಂಪನಿ ಸೇರಿದ್ದ. ನಾನು ಮಾತ್ರ ಅದೃಷ್ಟವಂತೆ ಎಂದುಕೊಂಡಿದ್ದೆ. ದಕ್ಷಿಣದ ಸಂಸ್ಥೆಯೊಂದರ ಪ್ರೊಫೆಸರ್ ಒಬ್ಬರು, ಪಾರ್ಶ್ವವಾಯು ಆದ ಮೇಲೆ ಎರಡು ಭಾಷೆಯವರ ಮಾತು ಹೇಗೆ ಮರಳುತ್ತದೆ ಎಂದು ನೋಡುವ ಪ್ರಾಜೆಕ್ಟಿಗೆ ನನ್ನನ್ನು ತೆಗೆದುಕೊಂಡಿದ್ದರು. ನಾನು ನನ್ನ ಜಿಲ್ಲೆಯಲ್ಲೇ ಇದ್ದು ರೋಗಿಗಳ ಮನೆಗೆ ಹೋಗಿ ದಾಖಲೆ ಮಾಡಬೇಕು. ಬೆಂಗಳೂರಿನಲ್ಲಿ ಕೂತು ಬೆಂಗಳೂರಿನವರ ತಲೆಯನ್ನಷ್ಟೇ ಅಳೆದರೆ ಅದು ಕನ್ನಡದ ಮಿದುಳು ಆದೀತೇ ಎಂದು ಪ್ರೊಫೆಸರ್ ಕೇಳಿದ್ದರು. ಆ ಮಾತು ನನಗೆ ಹಿಡಿಸಿತ್ತು.

ಹೀಗೆ ನಾನು ಇಳಕಲ್ಲಿನ ಆ ಮನೆಗೆ ಹೋದದ್ದು. ಬಾಗಲಕೋಟೆಯ ನರರೋಗದ ಡಾಕ್ಟರರೊಬ್ಬರು ಕಳಿಸಿದ್ದರು: ಅರವತ್ತು ದಾಟಿದ ಹೆಂಗಸು, ಲಕ್ವಾ ಹೊಡೆದಿದೆ, ಬಲಗೈ ಅಷ್ಟಿಷ್ಟು ಬಂದಿದೆ, ಮಾತು ಬಂದಿಲ್ಲ. ಶಿರೂರು, ಅಮೀನಗಡ, ಹುನಗುಂದ ಹಾದು ಹೋಗುವ ಬಸ್ಸಿನಲ್ಲಿ ಮಿದುಳಿನ ದಾಖಲೆ ಮಾಡುವ ಯಂತ್ರದ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಕಂಡಕ್ಟರ್ ಪೆಟ್ಟಿಗೆಯ ಮೇಲೆ ಬೆರಳಲ್ಲಿ ಬಡಿದು, ಹಾರ್ಮೋನಿಯಂ ಪೇಟಿಯೇನು, ಭಜನೆಗೆ ಹೊರಟಿರೇನು ಎಂದು ವಿಚಾರಿಸಿದ.

ಅದು ನೇಕಾರರ ಮನೆ. ಮುಂದೆ ಪಡಸಾಲೆ, ಅದರ ಪಕ್ಕದ ಕೋಣೆಯಲ್ಲಿ ಮಗ ನಡೆಸುವ ಎರಡು ಪವರ್‌ಲೂಮ್. ಗಂಡ, ನಾನು ಆಮೇಲೆ ಕಾಕಾ ಎಂದು ಕರೆಯತೊಡಗಿದವರು, ಹರೆಯದಿಂದ ಕೈಮಗ್ಗದ ಮುಂದೆ ಕೂತು, ಆಮೇಲೆ ಈ ಯಂತ್ರಗಳ ನಡುವೆ ನಿಂತು ಮುಪ್ಪಾದವರು. ಎತ್ತರದ ದನಿ. ಹೆಂಡತಿ ಕಾಕು, ಗೋಡೆಗೆ ಒರಗಿ ಕೂತಿದ್ದರು. ದುಂಡು ಮುಖ, ಬಾಯಿಯ ಒಂದು ಮೂಲೆ ತುಸು ಜಗ್ಗಿತ್ತು. ನಾನು ನಮಸ್ಕಾರ ಮಾಡಿದರೆ ಎಡಗೈ ಎತ್ತಿದರು. ಮಾತು ಬಂದಿಲ್ಲ ಎಂದು ಡಾಕ್ಟರ್ ಹೇಳಿದ್ದು ಖರೆ ಅಲ್ಲ ಎಂದು ಸೊಸೆ ಬಾಗಿಲಲ್ಲಿ ನಿಂತು ಹೇಳಿದಳು. ಏನೋ ಮಾತಾಡುತ್ತಾರೆ, ಆದರೆ ಅದು ಮಾತಲ್ಲ, ಹಿಡಿತವಿಲ್ಲದ ಬಡಬಡಿಕೆ ಎಂದಳು.

ನಾನು ಚಿತ್ರದ ಕಾರ್ಡುಗಳನ್ನು ತೆಗೆದೆ. ಆಕಳು, ಗಿಡ, ಮನೆ, ಚಂದ್ರ, ಹೀಗೆ ಒಂದೊಂದನ್ನೇ ತೋರಿಸಿ ಇದೇನು ಎಂದು ಕೇಳಬೇಕು. ಆಕಳಿನ ಚಿತ್ರವನ್ನು ಕಾಕು ಬಹಳ ಹೊತ್ತು ನೋಡಿದರು. ತುಟಿ ಅಲುಗಿತು. ಆಮೇಲೆ "ಗಾಯ" ಅಂದರು. ಕಾಕಾ ತಲೆ ಅಲ್ಲಾಡಿಸಿ, ನೋಡ್ರಿ ಹಿಂಗ, ಆಕಳು ತೋರಿಸಿದರೆ ಗಾಯ ಅಂತಾಳೆ ಎಂದರು. ಗಿಡಕ್ಕೆ "ಝಾಡ" ಬಂತು. ಮನೆಗೆ "ಘರ". ಪುಣೆಯಲ್ಲಿ ಅಷ್ಟು ವರ್ಷ ಕೇಳಿದ್ದ ಭಾಷೆ ಅದು. ನಾನು ಮರಾಠಿಯಲ್ಲಿ ಅವರ ಹೆಸರು ಕೇಳಿದೆ. ಕಾಕು ನನ್ನ ಕೈ ಹಿಡಿದುಕೊಂಡು ಹೆಸರು ಹೇಳಿದರು. ತವರಿನ ಹೆಸರು. ಈ ಮನೆಯಲ್ಲಿ ಅವರಿಗೆ ಬೇರೆ ಹೆಸರಿತ್ತು.

ಕಾಕು ಸೊಲ್ಲಾಪುರದವರು. ಮದುವೆಯಾಗಿ ಬಂದಾಗ ಒಂದು ಶಬ್ದ ಕನ್ನಡ ಬರುತ್ತಿರಲಿಲ್ಲವಂತೆ. ಕಾಕಾ ಅದನ್ನು ಹೇಳಿದ್ದು ಹೆಮ್ಮೆಯಿಂದ. ಕಾಕಾ ಅವರ ತಾಯಿ, ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದ್ದರು, ಹುಡುಗಿ ಮರಾಠಿಯಲ್ಲಿ ಏನು ಕೇಳಿದರೂ ಯಾರೂ ಉತ್ತರ ಕೊಡಬಾರದು. ನೀರು ಬೇಕಾದರೂ ಕನ್ನಡದಲ್ಲೇ ಕೇಳಬೇಕು. ಮುಂದಿನ ದೀಪಾವಳಿ ಬರುವಷ್ಟರಲ್ಲಿ ಹುಡುಗಿ ಓಣಿಯವರ ಜೊತೆ ಜಗಳಾಡುವಷ್ಟು ಕನ್ನಡ ಕಲಿತಿದ್ದಳು. ಆಮೇಲೆ ಆಕೆ ಬೇರೆ ಕಡೆಯವಳು ಎಂಬುದು ಊರಿಗೇ ಮರೆತುಹೋಯಿತು. ಮಗನಿಗೆ ಕೂಡ ತಾಯಿಯ ಭಾಷೆ ಬಾರದು. ತವರಿನ ತಂದೆತಾಯಿ ಹೋದ ಮೇಲೆ ಆ ಕಡೆಗೆ ಹೋಗಿಬರುವುದೂ ನಿಂತಿತ್ತು. ಈಗ ಮಿದುಳಿನಲ್ಲಿ ರಕ್ತದ ಗಂಟು ಕೂತು ಕನ್ನಡವನ್ನು ಒಯ್ದಿತ್ತು, ಅಷ್ಟು ವರ್ಷ ಯಾರೂ ಕೇಳದ ಮರಾಠಿ ಕೆಳಗಿನಿಂದ ಎದ್ದಿತ್ತು. ಜಗ್ಗಿದ ಬಾಯಿಂದ ತೊದಲಿ ಬಂದ ಅದನ್ನು ಕಾಕಾ ಕೂಡ ಗುರುತಿಸಿರಲಿಲ್ಲ.

ಹೀಗಾಗುವುದು ಉಂಟು. ಕೆಲವರಿಗೆ ಎರಡೂ ಭಾಷೆ ಜೊತೆಯಾಗಿ ಮರಳುತ್ತವೆ, ಕೆಲವರಿಗೆ ದಿನಬಳಕೆಯದು ಮೊದಲು, ಕೆಲವರಿಗೆ ಹುಟ್ಟಿನದು. ಯಾರಿಗೆ ಹೇಗೆ ಎಂದು ಮೊದಲೇ ಹೇಳಲು ಯಾರಿಗೂ ಬರುವುದಿಲ್ಲ. ಇದನ್ನು ನಾನು ಸಾವಕಾಶ ಹೇಳಿದೆ. ಸೊಸೆ ಒಳಗೆ ಹೋಗಿ ಚಹಾ ತಂದು ಎಲ್ಲರಿಗೂ ಕೊಟ್ಟಳು. ಕಾಕು ಒಂದು ಗುಟುಕು ಕುಡಿದು ಅವಳತ್ತ ತಿರುಗಿ ಏನೋ ಅಂದರು. ಸೊಸೆಯ ಕಣ್ಣು ತುಂಬಿತು.

"ದಿನಾ ಹಿಂಗ ಬೈತಾರ್ರಿ ನನಗ," ಅಂದಳು.

"ಬೈದಿಲ್ಲವಾ. ಚಹಾಕ್ಕ ಸಕ್ರಿ ಕಡಿಮಿ ಆಗೇತಿ ಅಂದ್ರು."

ಅವಳು ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಲಕ್ವಾ ಹೊಡೆದಂದಿನಿಂದ ಅತ್ತೆ ತನ್ನನ್ನು ಶಪಿಸುತ್ತಿದ್ದಾರೆ ಎಂದು ತಿಳಿದು ಸೆರಗು ಬಾಯಿಗಿಟ್ಟುಕೊಂಡು ಎಲ್ಲ ಚಾಕರಿ ಮಾಡಿದ್ದಳು. ಒಳಗೆ ಹೋದವಳು ಸಕ್ಕರೆ ಡಬ್ಬಿಯನ್ನೇ ಎತ್ತಿ ತಂದಳು.

ಮುಂದಿನ ವಾರ ಮಿದುಳಿನ ದಾಖಲೆ. ತಲೆಗೆ ಒಂದು ಟೊಪ್ಪಿಗೆ ಹಾಕುತ್ತೇವೆ, ಅದರ ತುಂಬ ಸಣ್ಣ ಬಿಲ್ಲೆಗಳು, ಪ್ರತಿಯೊಂದಕ್ಕೂ ವೈರು. ಕಿವಿಗೆ ವಾಕ್ಯಗಳನ್ನು ಕೇಳಿಸುತ್ತೇವೆ. ಅವ್ವ ರೊಟ್ಟಿಗೆ ಬೆಣ್ಣೆ ಹಚ್ಚಿದಳು ಎಂದರೆ ಮಿದುಳು ಸುಮ್ಮನೆ ಮುಂದೆ ಹೋಗುತ್ತದೆ. ಅವ್ವ ರೊಟ್ಟಿಗೆ ಬಾಗಿಲು ಹಚ್ಚಿದಳು ಎಂದರೆ ಅರ್ಧ ಸೆಕೆಂಡು ಆಗುವುದರೊಳಗೆ ಎಲ್ಲೋ ಒಂದು ಕಡೆ ಮುಗ್ಗರಿಸುತ್ತದೆ, ಆ ಮುಗ್ಗರಿಕೆ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಬಾಯಿ ಮಾತಾಡದಿದ್ದರೂ ಭಾಷೆ ಒಳಗೆ ಜೀವಂತ ಇದೆಯೋ ಇಲ್ಲವೋ ಎಂದು ಹಾಗೆ ತಿಳಿಯಬಹುದು. ಕೂದಲಿಗೆ ಎಣ್ಣೆ ಇದ್ದರೆ ಏನೂ ಬರುವುದಿಲ್ಲ. ಸೊಸೆ ಬೆಳಿಗ್ಗೆಯೇ ಸೀಗೆಕಾಯಿ ಹಚ್ಚಿ ಅತ್ತೆಯ ತಲೆ ತೊಳೆದಿದ್ದಳು. ಮಗ ಮಗ್ಗ ನಿಲ್ಲಿಸಿದ. ಆದರೂ ನಮ್ಮ ಗೆರೆಗಳ ಮೇಲೆ ಕರೆಂಟಿನ ನಡುಕ ಕೂತಿತ್ತು. ಓಣಿಯ ಉಳಿದ ಮನೆಗಳ ಮಗ್ಗ ನಿಲ್ಲಿಸುವುದು ಯಾರ ಕೈಯಲ್ಲಿತ್ತು? ಕೊನೆಗೆ ಓಣಿಯಲ್ಲಿ ಲೈಟು ಹೋಗುವ ಹೊತ್ತನ್ನೇ ಕಾದು, ಬ್ಯಾಟರಿಯ ಮೇಲೆ ಕೆಲಸ ಮಾಡಿದೆವು.

ಇನ್ನೊಂದು ತೊಡಕು ನನ್ನನ್ನು ಹೆಚ್ಚು ಕಾಡಿತು. ಸಂಸ್ಥೆಯವರು ಕೊಟ್ಟಿದ್ದ ಕನ್ನಡ ವಾಕ್ಯಗಳು ಪುಸ್ತಕದ ಕನ್ನಡದಲ್ಲಿದ್ದವು, ಓದಿದ ದನಿ ಮೈಸೂರು ಕಡೆಯದು. ಕಾಕಾ ಪಕ್ಕದಲ್ಲಿ ಕೂತು ಕೇಳಿ, ಇದು ರೇಡಿಯೋದವರ ಕನ್ನಡ, ನಮ್ಮಾಕೆ ಇದನ್ನು ಯಾವಾಗ ಮಾತಾಡಿದ್ದಳು ಎಂದರು. ಕಾಕು ಕಲಿತದ್ದು ಇಳಕಲ್ಲಿನ ಓಣಿಯ ಕನ್ನಡ, ಮನಿ, ರೊಟ್ಟಿ, ಹಚ್ಯಾಳ, ಹೋಗ್ಯಾಳ. ಈ ವಾಕ್ಯಗಳಿಗೆ ಅವರ ಮಿದುಳು ಎಚ್ಚರಗೊಳ್ಳದಿದ್ದರೆ ಕನ್ನಡ ಹೋಗಿದೆ ಎಂದು ಬರೆಯಬೇಕೋ, ಪುಸ್ತಕದ ಕನ್ನಡ ಮೊದಲೇ ಇರಲಿಲ್ಲ ಎಂದು ಬರೆಯಬೇಕೋ? ಪ್ರೊಫೆಸರರಿಗೆ ಫೋನಿನಲ್ಲಿ ವಿವರಿಸಿದೆ. ಅವರು ಕೇಳಿಸಿಕೊಂಡರು. ಉಳಿದ ಜಿಲ್ಲೆಗಳ ರೋಗಿಗಳೂ ಇದೇ ವಾಕ್ಯ ಕೇಳಿದ್ದಾರೆ, ನಡುವೆ ಬದಲಿಸಿದರೆ ಹೋಲಿಸಲು ಆಗುವುದಿಲ್ಲ, ಮುಂದಿನ ಪ್ರಾಜೆಕ್ಟಿನಲ್ಲಿ ನೋಡೋಣ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕೆಲಸದಲ್ಲಿ ಎಲ್ಲ ಸರಿಯಾದ ಪ್ರಶ್ನೆಗಳೂ ಮುಂದಿನ ಪ್ರಾಜೆಕ್ಟಿಗೆ ಹೋಗಿ ಕೂತಿರುತ್ತವೆ.

ದಾಖಲೆ ಬಂತು. ಕನ್ನಡದ ವಾಕ್ಯಕ್ಕೆ ಗೆರೆ ಸಪಾಟಾಗಿತ್ತು. ಪುಣೆಯಿಂದ ತರಿಸಿಕೊಂಡಿದ್ದ ಮರಾಠಿಯ ವಾಕ್ಯಕ್ಕೆ, ತಪ್ಪು ಶಬ್ದ ಬಂದ ಕಡೆ, ಓದಿನ ಪುಸ್ತಕದಲ್ಲಿ ತೋರಿಸುವ ಹಾಗೆ ಎದ್ದು ನಿಂತಿತ್ತು. ಅಷ್ಟು ಸ್ಪಷ್ಟ ಗೆರೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಛಲೋ ಬಂತೇನು ಎಂದು ಕಾಕಾ ಕೇಳಿದರು. ಛಲೋ ಬಂತು ಎಂದೆ. ನಾನು ಗೆರೆಯ ಬಗ್ಗೆ ಹೇಳಿದ್ದೆ, ಅವರು ಹೆಂಡತಿಯ ಬಗ್ಗೆ ಕೇಳಿದ್ದರು. ಅವರು ಖುಷಿಯಿಂದ ಸೊಸೆಯನ್ನು ಕರೆದು, ತುಳಸಿಗೇರಿ ಹನಮಪ್ಪನಿಗೆ ಶನಿವಾರ ಹೋಗಿಬರೋಣ ಎಂದರು. ಆಗ ನಾನು ಮತ್ತೆ ಕೂತು, ಛಲೋ ಎಂದರೆ ಯಾವುದು ಎಂದು ಬಿಡಿಸಿ ಹೇಳಬೇಕಾಯಿತು.

ಆಮೇಲೆ ವಾರಕ್ಕೊಮ್ಮೆ ಹೋಗತೊಡಗಿದೆ. ಮನೆಯವರಿಗೆ ಕನ್ನಡ ಮರಳಬೇಕಿತ್ತು. ಕಾರ್ಡು ಹಿಡಿದು ಕನ್ನಡದ ಹೆಸರುಗಳನ್ನು ನಾನು ಹೇಳುತ್ತಿದ್ದೆ, ಕಾಕು ನನ್ನ ಬಾಯಿ ನೋಡುತ್ತಿದ್ದರು. "ನೀರ" ಬಂತು, "ರೊಟ್ಟಿ" ಬಂತು. ಒಮ್ಮೆ ಬಂದದ್ದು ಮುಂದಿನ ವಾರ ಇರುತ್ತಿರಲಿಲ್ಲ. ಮಗ್ಗದ ಚಿತ್ರ ಹಿಡಿದರೆ ಎರಡು ಭಾಷೆಯಲ್ಲೂ ಏನೂ ಬರುತ್ತಿರಲಿಲ್ಲ. ಎಡಗೈ ಮಾತ್ರ ಗಾಳಿಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿತ್ತು.

ಒಂದು ದಿನ ಪಾಠ ಮುಗಿಸಿ ನಾನು ಕಾರ್ಡು ಜೋಡಿಸುತ್ತಿದ್ದಾಗ ಕಾಕು ನಿಧಾನವಾಗಿ, ತಡವರಿಸದೆ, "ಮಲಾ ಘರೀ ಜಾಯಚಂ ಆಹೇ" ಎಂದರು. ಪೂರ್ತಿ ವಾಕ್ಯ. ಮತ್ತೆ ಅದನ್ನೇ ಅಂದರು. ಕಾಕಾ ಬಾಗಿ ಹತ್ತಿರ ಬಂದರು.

"ಏನಂತಾಳ್ರಿ? ದಿನಾ ಇದನ್ನ ಅಂತಾಳ."

"ಮನಿಗಿ ಹೋಗಬೇಕು ಅಂತಾರ್ರಿ ಕಾಕಾ."

"ಮನ್ಯಾಗ ಅದಾಳಲ್ರಿ."

ಕಾಕಾ ಪಡಸಾಲೆಯನ್ನು, ಕಂಬವನ್ನು, ಗೂಟಕ್ಕೆ ಹಾಕಿದ್ದ ಹೆಂಡತಿಯ ಸೀರೆಯನ್ನು ಒಮ್ಮೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, "ಇದು ಅಲ್ಲೇನು ಆಕಿ ಮನಿ?"

ಆ ಮಾತು ಅವರನ್ನು ಬಿಡಲಿಲ್ಲ. ದಸರೆ ಮುಗಿದ ಮೇಲೆ ಮಗನನ್ನು ಕಟ್ಟಿಕೊಂಡು, ಬಾಡಿಗೆ ಗಾಡಿ ಮಾಡಿ, ಹೆಂಡತಿಯನ್ನು ಸೊಲ್ಲಾಪುರಕ್ಕೆ ಕರೆದೊಯ್ದರು. ನಾನು ಹೋಗಿರಲಿಲ್ಲ, ಬಂದ ಮೇಲೆ ಅವರೇ ಹೇಳಿದರು. ತವರುಮನೆ ಇದ್ದ ಜಾಗದಲ್ಲಿ ಮೊಬೈಲಿನ ಅಂಗಡಿ, ಮೇಲೆ ಲಾಡ್ಜು. ಕಾಕುವಿನ ಅಣ್ಣನ ಮಗ ಊರ ಹೊರಗೆ ಹೊಸ ಬಡಾವಣೆಯಲ್ಲಿದ್ದ. ಒಳ್ಳೆಯ ಹುಡುಗ, ಸೋದರತ್ತೆಯ ಕಾಲಿಗೆ ಬಿದ್ದ, ಊಟಕ್ಕೆ ಹಾಕಿದ, ಮರಾಠಿಯಲ್ಲಿ ಬಾಯಿತುಂಬ ಮಾತಾಡಿಸಿದ. ಕಾಕು ಎಲ್ಲ ಕೇಳಿಸಿಕೊಂಡರು, ಅಷ್ಟಿಷ್ಟು ಉತ್ತರವನ್ನೂ ಕೊಟ್ಟರು. ಮಧ್ಯಾಹ್ನ ಮಲಗಿ ಎದ್ದು, ಹೊರಗಿನ ಬಿಸಿಲು ನೋಡುತ್ತ, ಅದೇ ವಾಕ್ಯ ಅಂದರು. ಮಲಾ ಘರೀ ಜಾಯಚಂ ಆಹೇ. ಆ ಹುಡುಗ ಅತ್ತೆಯ ಮುಖ ನೋಡಿ ಅಳತೊಡಗಿದನಂತೆ. "ಇಲ್ಲೂ ಅಲ್ಲ, ಅಲ್ಲೂ ಅಲ್ಲ," ಎಂದರು ಕಾಕಾ. "ಎಲ್ಲಿಗಿ ಒಯ್ಯಲಿ?"

ಆ ಪ್ರಯಾಣದಿಂದ ಬಂದ ಮೇಲೆ ಅವರು ಬೇರೊಂದು ಮಾಡಿದರು. ನಾನು ಕಾರ್ಡು ತೆಗೆದಾಗ ಕಾಕುವಿನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಇವತ್ತಿನಿಂದ ನನಗೆ ಕಲಿಸ್ರಿ ಎಂದರು. ಆಕೆಗೆ ನಮ್ಮ ಮಾತು ಬಾರದಿದ್ದರೆ ನಾನಾದರೂ ಆಕೆಯದು ಕಲಿಯುತ್ತೇನೆ. ನಮ್ಮವ್ವ ಅಂದು ಆಕೆಗೆ ಒಂದು ವರ್ಷ ಕೊಟ್ಟಿದ್ದಳು, ನನಗೆ ಎಷ್ಟು ದಿನ ಹಿಡಿಯುತ್ತದೋ ನೋಡೋಣ ಎಂದರು.

ಎಪ್ಪತ್ತರ ಹತ್ತಿರದ ಮನುಷ್ಯ. ಭಾಷೆ ಕಲಿಯುವುದು ಅವರಿಗೆ ಬಹಳ ಕಷ್ಟವಾಯಿತು. ಪಾಣೀ ಎಂದರೆ ನೀರು, ಜೇವಣ ಊಟ, ದುಖತಂಯ ನೋವು, ಝೋಪ ನಿದ್ದೆ. ಸಕ್ಕರೆಗೆ "ಸಾಖರ" ಎಂದು ಹೇಳಿಕೊಟ್ಟರೆ "ತಾಕರ" ಎನ್ನುತ್ತಿದ್ದರು. ಎಷ್ಟು ಸಲ ತಿದ್ದಿದರೂ ತಾಕರವೇ. ಕಾಕು ಮೊದಲ ಸಲ ನಕ್ಕದ್ದು ಆಗ. ಬಾಯಿಯ ಒಂದೇ ಬದಿಯಿಂದ ನಕ್ಕು, ಎಡಗೈಯಿಂದ ಗಂಡನ ತೊಡೆಗೆ ಹೊಡೆದು, ಸಾಖರ, ಸಾಖರ ಎಂದು ತಾವೇ ಹೇಳಿಕೊಡತೊಡಗಿದರು. ಸೊಸೆ ಅಡಿಗೆಮನೆಯಿಂದಲೇ ಕೇಳಿಸಿಕೊಂಡು ಮಾವನಿಗಿಂತ ಬೇಗ ಕಲಿತಳು. ಆ ಚಳಿಗಾಲ ಆ ಮನೆಯಲ್ಲಿ ಹರಕುಮುರುಕು ಮರಾಠಿ ನಡೆಯಿತು. ಮನಿಗಿ ಹೋಗಬೇಕು ಎನ್ನುವುದು ನಿಲ್ಲಲಿಲ್ಲ, ಆದರೆ ಕಾಕಾ ಈಗ "ಉದ್ಯಾ" ಎನ್ನುತ್ತಿದ್ದರು. ನಾಳೆ. ಅಷ್ಟಕ್ಕೆ ಕಾಕುವಿಗೆ ಸಮಾಧಾನವಾಗುತ್ತಿತ್ತು.

ಇದನ್ನೆಲ್ಲ ಬರೆದು ಕಳಿಸಿದಾಗ ಪ್ರೊಫೆಸರ್ ಬಹಳ ಸಂತೋಷಪಟ್ಟರು. ಆದರೆ ಪ್ರಾಜೆಕ್ಟಿನ ನಿಯಮದ ಪ್ರಕಾರ ಚಿಕಿತ್ಸೆ ಎಲ್ಲ ರೋಗಿಗಳಿಗೂ ಒಂದೇ ತರ ಇರಬೇಕಿತ್ತು. ಗಂಡ ಹೆಂಡತಿಯ ಭಾಷೆ ಕಲಿಯುವುದು ಯಾವ ಚಿಕಿತ್ಸೆಯ ಹೆಸರಿನಲ್ಲೂ ಸೇರುತ್ತಿರಲಿಲ್ಲ. ಅದು ಟಿಪ್ಪಣಿಯಾಗಿ ಉಳಿಯಿತು.

ಫೆಬ್ರುವರಿಯಲ್ಲಿ ಪ್ರೊಫೆಸರರ ಫೋನ್ ಬಂತು. ಅನುದಾನ ಮುಂದುವರಿಯುವುದಿಲ್ಲ. ದೊಡ್ಡವರು ಈಗ ಬೇರೆ ವಿಷಯಕ್ಕೆ ಹಣ ಕೊಡುತ್ತಿದ್ದಾರೆ, ಯಂತ್ರಕ್ಕೆ ಭಾಷೆ ಕಲಿಸುವ ಕೆಲಸಕ್ಕೆ. ಅವರ ದನಿಯಲ್ಲೂ ದಣಿವಿತ್ತು. ಟೊಪ್ಪಿಗೆ, ಪೆಟ್ಟಿಗೆ ಎಲ್ಲ ಸಂಸ್ಥೆಗೆ ಮರಳಿಸಬೇಕಿತ್ತು. ಪ್ರತಿ ರೋಗಿಗೂ ಬೇಕಿದ್ದ ಮೂರು ದಾಖಲೆಗಳಲ್ಲಿ ಕಾಕುವಿನವು ಎರಡು ಆಗಿದ್ದವು, ಮೂರನೆಯದು ಬೇಸಿಗೆಗೆ ಇತ್ತು. ನಾನು ಕೇಳಿದೆ, ಈಗಲೇ ಮಾಡಿಬಿಡಲೇ ಎಂದು. ಅವಧಿಗೆ ಮುಂಚೆ ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ ಎಂದರು. ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿದ ದಿನ ಅವ್ವ ಊಟಕ್ಕೆ ಕರೆದಳು, ಅಷ್ಟೆ.

ಅಲ್ಲಿಂದ ಮುಂದಿನ ಒಂದೂವರೆ ವರ್ಷದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಸಂದರ್ಶನಗಳಿಗೆ ಹೋದೆ. ಒಂದು ಕಡೆ, ಇಷ್ಟು ವರ್ಷಕ್ಕೆ ಇಷ್ಟೇ ಲೇಖನವೇ ಎಂದು ಕೇಳಿದರು. ಇನ್ನೊಂದು ಕಡೆ, ಹೊರದೇಶದ ಅನುಭವ ಯಾಕಿಲ್ಲ ಎಂದರು. ಮತ್ತೊಂದು ಕಡೆ ಒಬ್ಬ ಹಿರಿಯರು ಮರುಕದಿಂದ, ವಿಷಯ ಚೆನ್ನಾಗಿದೆ, ಆದರೆ ಇದಕ್ಕೆ ನಮ್ಮಲ್ಲಿ ವಿಭಾಗವೇ ಇಲ್ಲವಲ್ಲ, ಭಾಷಾಶಾಸ್ತ್ರದವರು ನಿಮ್ಮನ್ನು ಮನಶ್ಶಾಸ್ತ್ರ ಎನ್ನುತ್ತಾರೆ, ಮನಶ್ಶಾಸ್ತ್ರದವರು ವೈದ್ಯಕೀಯ ಎನ್ನುತ್ತಾರೆ ಎಂದರು. ಬಾದಾಮಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿದೆ. ಮಕ್ಕಳು ಒಳ್ಳೆಯವರು, ಪರೀಕ್ಷೆಗೆ ಏನು ಬರುತ್ತದೆ ಎಂದಷ್ಟೇ ಕೇಳುತ್ತಿದ್ದರು. ವರ್ಷದ ಕೊನೆಗೆ ಆ ಹುದ್ದೆಯೂ ಹೋಯಿತು. ಪಿಎಚ್‌ಡಿಗಿಂತ ಮುಂಚೆ ನಾನು ಓದಿದ್ದು ವಾಕ್ ಮತ್ತು ಶ್ರವಣದ ಪದವಿ. ಅದರ ಮೇಲೆ ಬಾಗಲಕೋಟೆಯ ಒಂದು ಕಿವಿ ಪರೀಕ್ಷೆಯ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಶ್ರವಣಯಂತ್ರ ಮಾರುವ ಅಂಗಡಿ ಅದು. ಸಣ್ಣ ಗಾಜಿನ ಕೋಣೆ, ಒಂದು ಹೆಡ್‌ಫೋನು. ಅವ್ವನಿಗೆ ನೆಮ್ಮದಿಯಾಯಿತು. ಈಗ ಜನ ಬಂದು ಕೇಳಿದರೆ ಮಗಳು ಏನು ಮಾಡುತ್ತಾಳೆ ಎಂದು ಒಂದೇ ಮಾತಿನಲ್ಲಿ ಹೇಳಬಹುದಿತ್ತು.

ಇಳಕಲ್ಲಿಗೆ ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದೆ. ಬಾದಾಮಿಯ ದಿನಗಳಲ್ಲಿ ಅದೂ ತಪ್ಪುತ್ತ ಬಂತು. ಕಾಕುವಿಗೆ ಎರಡನೆಯ ಸಲ ಲಕ್ವಾ ಹೊಡೆದ ಸುದ್ದಿಯನ್ನು ಸೊಸೆ ಫೋನಿನಲ್ಲಿ ಹೇಳಿದಳು. ನಾನು ಹೋಗಿ ನೋಡಿದಾಗ ಕಾಕು ಹಾಸಿಗೆ ಹಿಡಿದಿದ್ದರು. ಕಣ್ಣು ತೆರೆದಿತ್ತು. ಮರಾಠಿಯಲ್ಲಿ ಕರೆದೆ, ಕನ್ನಡದಲ್ಲಿ ಕರೆದೆ. ಕಣ್ಣು ನನ್ನ ಕಡೆ ತಿರುಗಿತು, ನಿಂತಿತು, ಮತ್ತೆ ಜಂತಿಗೆ ಹೋಯಿತು. ಬಾಯಿ ಆಗಾಗ ಅಲುಗುತ್ತಿತ್ತು, ದನಿ ಇರಲಿಲ್ಲ. ಟೊಪ್ಪಿಗೆ ಇದ್ದಿದ್ದರೆ ಒಳಗೆ ಏನಾದರೂ ಉಳಿದಿದೆಯೋ ಎಂದು ನೋಡಬಹುದಿತ್ತು.

ಅದಾದ ಕೆಲವು ವಾರಕ್ಕೆ ಕಾಕಾ ಒಬ್ಬರೇ ಬಸ್ಸು ಹತ್ತಿ ಬಾಗಲಕೋಟೆಗೆ ಬಂದರು, ನಮ್ಮ ಅಂಗಡಿಗೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೂತರು.

"ನನ್ನ ಕಿವಿ ನೋಡವಾ ತಂಗಿ," ಎಂದರು. "ಆಕಿ ಬಾಯಿ ಅಳ್ಳಾಡಸ್ತಾಳ. ಏನೋ ಅಂತಾಳ. ನನಗ ಕೇಳಸವಲ್ದು."

ಮೊದಲು ಪರೀಕ್ಷೆ ಮಾಡೋಣ ಎಂದೆ. ಗಾಜಿನ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನು ಹಾಕಿದೆ. ದಪ್ಪ ಸಪ್ಪಳಗಳಿಗೆ ಬೆರಳು ಎತ್ತಿದರು. ಸಣ್ಣ, ಚೂಪಾದ ಸಪ್ಪಳಗಳಿಗೆ ಬೆರಳು ಏಳಲಿಲ್ಲ. ಬಹಳ ಜೋರು ಮಾಡುವವರೆಗೂ ಕಣ್ಣು ಪಿಳುಕಿಸುತ್ತ, ಇನ್ನೂ ಶುರುವಾಗಿಲ್ಲವೇನೋ ಎಂಬಂತೆ ನನ್ನನ್ನು ನೋಡುತ್ತ ಕೂತಿದ್ದರು. ಮಗ್ಗದ ಗದ್ದಲದಲ್ಲಿ ಜೀವ ಸವೆಸಿದವರ ಕಿವಿ ಹೀಗೇ ಇರುತ್ತದೆ. ಸಕಾರ, ಚಕಾರದಂಥ ಹರಿತ ಧ್ವನಿಗಳು ಅವರಿಗೆ ಎಂದೋ ಹೋಗಿಬಿಟ್ಟಿದ್ದವು. ಪಡಸಾಲೆಯಲ್ಲಿ ವಾರವಾರ ಎದುರು ಕೂತು ಅವರ ತಾಕರವನ್ನು ತಿದ್ದುವಾಗ ಇದು ನನಗೂ ಹೊಳೆದಿರಲಿಲ್ಲ, ಗಂಡನ ತಪ್ಪಿಗೆ ನಗುತ್ತಿದ್ದ ಕಾಕುವಿಗೂ ತಿಳಿದಿರಲಿಲ್ಲ. ಕೇಳದ ಸಪ್ಪಳವನ್ನು ನಾಲಿಗೆ ಎಲ್ಲಿಂದ ತಂದೀತು?

ಕಿವಿ ಮಂದವಾಗಿರುವುದು ಖರೆ ಎಂದೆ. ಆದರೆ ಕಾಕು ಮಾತಾಡುತ್ತಿಲ್ಲ, ಬಾಯಿ ಸುಮ್ಮನೆ ಅಲುಗುತ್ತದೆ ಎಂದೂ ಹೇಳಿದೆ. ಎರಡನೆಯದನ್ನು ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಯಂತ್ರ ಕೊಡು ಎಂದರು. ಎರಡೂ ಕಿವಿಗೆ ಹೊಂದಿಸಿ ಕೊಟ್ಟೆ. ಹೊರಗೆ ಹೋದವರು ಕೂಡಲೇ ತಿರುಗಿ ಬಂದು, ರಸ್ತೆಯಲ್ಲಿ ಇಷ್ಟು ಗದ್ದಲ ಇರುತ್ತದೇನು ಎಂದು ಕೇಳಿ ಹೋದರು.

ನಾಲ್ಕೈದು ದಿನದ ಮೇಲೆ ಅವರೇ ಫೋನ್ ಮಾಡಿದರು. ಬೆಳಗಿನ ಹೊತ್ತು, ನಾನು ಇನ್ನೂ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಯಂತ್ರ ಛಲೋ ಇದೆ ಎಂದರು. ಪಕ್ಕದ ಮನೆಯ ಗಡಿಯಾರ ಕೇಳುತ್ತದೆ, ಸೊಸೆಯ ಬಳೆ ಕೇಳುತ್ತದೆ, ಹಲ್ಲಿ ಲೊಚಗುಟ್ಟುವುದು ಕೇಳುತ್ತದೆ. ಆಕೆಯ ಬಾಯಿಗೆ ಕಿವಿ ಹಚ್ಚಿ ಕೂತು ನೋಡಿದೆ ಎಂದರು.

"ನೀ ಹೇಳಿದ್ದು ಖರೆ ಐತೆವಾ. ಆಕಿ ಏನೂ ಅನ್ನವಲ್ಲಳು."

ಕಾಕು ಯುಗಾದಿ ಕಳೆದು ಬಿಸಿಲು ಏರಿದ ದಿನಗಳಲ್ಲಿ, ಒಂದು ಮಧ್ಯಾಹ್ನ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಕಾ ಪಡಸಾಲೆಯಲ್ಲಿ ಕೂತಿದ್ದರು, ಯಂತ್ರ ಹಾಕಿಕೊಂಡಿರಲಿಲ್ಲ. ಜೋರಾಗಿ ಮಾತಾಡಬೇಕಾಯಿತು. ಬಿಸಿಲಿನ ಬಗ್ಗೆ, ಮಗನ ಮಗ್ಗದ ರಿಪೇರಿಯ ಬಗ್ಗೆ ಮಾತಾಡಿದೆವು. ಸೊಸೆ ಚಹಾ ತಂದು ನನ್ನ ಮುಂದೆ ಇಟ್ಟು, "ಸಾಖರ ಬೇಕೇನ್ರಿ ಅಕ್ಕಾರ?" ಎಂದು ಕೇಳಿದಳು. ಕೇಳಿದ ಮೇಲೆ ಅವಳಿಗೇ ಗೊತ್ತಾಗಿ ಒಳಗೆ ಹೋಗಿಬಿಟ್ಟಳು. ಹೊರಡುವಾಗ ಕಾಕಾ ಬಾಗಿಲವರೆಗೆ ಬಂದರು. ಅಷ್ಟೊಂದು ಕಲಿತೆ, ಇನ್ನು ಅದನ್ನು ಯಾರ ಸಂಗಡ ಆಡುವುದು ಎಂದರು. ನನ್ನ ಸಂಗಡ ಆಡ್ರಿ ಎಂದೆ. ಅವರು ತಲೆ ಅಲ್ಲಾಡಿಸಿದರು. ಬೇಡ ಎಂದೋ, ಆಗಲಿ ಎಂದೋ ತಿಳಿಯಲಿಲ್ಲ. ಆಮೇಲೆ ನಾವು ಎಂದೂ ಮರಾಠಿ ಆಡಿಲ್ಲ.

ಪ್ರಾಜೆಕ್ಟಿನ ಲೇಖನ ಕಳೆದ ವರ್ಷ ಅಚ್ಚಾಯಿತು. ನನ್ನ ಹೆಸರು ನಡುವೆ ಎಲ್ಲೋ ಇದೆ. ಮೂರೂ ದಾಖಲೆ ಪೂರ್ಣವಾದವರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿದ್ದರಿಂದ ಕಾಕು ಅದರಲ್ಲಿಲ್ಲ. ಒಬ್ಬರದೇ ಕತೆಯಾಗಿ ಬೇರೆ ಬರೆದು ಕಳಿಸಿದ್ದೆ. ಆ ಹೆಂಗಸಿನ ಮರಾಠಿ ಲಕ್ವಾಕ್ಕೆ ಮುಂಚೆ ಹೇಗಿತ್ತು ಎಂಬುದಕ್ಕೆ ದಾಖಲೆ ಇಲ್ಲ ಎಂದು ತಿರುಗಿ ಬಂತು. ಇರಲಿಲ್ಲ, ನಿಜ. ಆ ಮನೆಯಲ್ಲಿ ಅಷ್ಟು ವರ್ಷ ಅದನ್ನು ಯಾರೂ ಕೇಳಿಯೇ ಇರಲಿಲ್ಲ.

ಮೊನ್ನೆ ಪ್ರೊಫೆಸರ್ ಮತ್ತೆ ಫೋನ್ ಮಾಡಿದ್ದರು. ಹೊಸ ಪ್ರಾಜೆಕ್ಟು ಬಂದಿದೆ, ಎರಡು ವರ್ಷದ್ದು, ಆದರೆ ಸಂಸ್ಥೆಯ ಊರಿಗೇ ಬಂದು ಇರಬೇಕು. ನಗರದ ಶಾಲೆಯ ಮಕ್ಕಳು ಓದುವಾಗ ಮಿದುಳು ಏನು ಮಾಡುತ್ತದೆ ಎಂಬ ವಿಷಯ. ಎರಡು ವರ್ಷ ಆದ ಮೇಲೆ ಏನು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬರುವುದಿಲ್ಲ ಎಂದೆ. ಇಷ್ಟು ಓದಿ, ಎಂದು ಶುರುಮಾಡಿದವರು ಮಾತನ್ನು ಅಲ್ಲಿಗೇ ಬಿಟ್ಟರು. ಒಳಗೆ ಗುಡೂರಿನಿಂದ ಬಂದ ಒಬ್ಬ ಮುದುಕಿ ಯಂತ್ರಕ್ಕೆ ಕಿವಿಯ ಅಚ್ಚು ತೆಗೆಸಿಕೊಳ್ಳಲು ಕಾದು ಕೂತಿದ್ದಳು. ಫೋನ್ ಇಟ್ಟು ಒಳಗೆ ಹೋದೆ.